ಇನ್ನೆರಡು ದಿನ ಇದ್ದಿದ್ರೆ

ರಜೆಗೆ ಅಂತ ದೇಶ ಬಿಟ್ಟು ಹೋದವರಿಗೆಲ್ಲ ಈ ಮೆಸೇಜ್ ಪರಿಚಯ ಇರುತ್ತೆ. ವಾಪಸ್ ವಿಮಾನಕ್ಕೆ ಇನ್ನು 48 ಗಂಟೆ ಅನ್ನುವಾಗ ಮೊಬೈಲ್ ಟಣ್ ಅನ್ನುತ್ತೆ. ವೆಬ್ ಚೆಕ್‌ಇನ್ ಶುರುವಾಗಿದೆ, ಸೀಟು ಆರಿಸಿಕೊಳ್ಳಿ. ಅಲ್ಲಿಗೆ ಕಥೆ ಮುಗೀತು. ಕಾಲು ಇನ್ನೂ ಮರಳಲ್ಲೇ ಇರುತ್ತೆ, ತಲೆ ಮಾತ್ರ ಎದ್ದು ಹೊರಟಾಗಿರುತ್ತೆ. ಗಂಡ ಉಳಿದಿರೋ ಫಾರಿನ್ ನೋಟು ಎಣಿಸೋಕೆ ಕೂರ್ತಾನೆ. ಹೆಂಡತಿ ಆಫೀಸಿನ ಟೀಮಿಗೆ ಎಷ್ಟು ಚಾಕ್ಲೇಟ್ ಬೇಕು ಅಂತ ಲೆಕ್ಕ ಹಾಕ್ತಾಳೆ. ಒದ್ದೆ ಬಟ್ಟೆಗಳನ್ನ ಯಾವ ಕವರಿಗೆ ತುರುಕೋದು ಅನ್ನೋದು ಮನೆಮಂದಿಯೆಲ್ಲ ಸೇರಿ ಚರ್ಚಿಸೋ ವಿಷಯವಾಗುತ್ತೆ. ಆರು ದಿನದ ಪ್ರವಾಸದಲ್ಲಿ ನಿಜವಾಗಿ ಕೈಗೆ ಸಿಗೋದು ನಾಲ್ಕೇ ದಿನ, ಉಳಿದೆರಡು ನೋಟಿಸ್ ಪೀರಿಯಡ್ ಅಂತ ನನ್ನ ಗಂಡ ಹೇಳ್ತಾನೆ.

ನನಗೆ ಆ ಎರಡು ದಿನದ ಬಗ್ಗೆ ಬೇರೆ ಅಭಿಪ್ರಾಯ ಇದೆ. ಮೊದಲ ನಾಲ್ಕು ದಿನದಲ್ಲಿ ಎಲ್ಲಿಗೆ ಬಂದಿದ್ದೀವಿ ಅಂತ ಗೊತ್ತಾಗುತ್ತೆ. ಕೊನೆಯ ಎರಡು ದಿನದಲ್ಲಿ ಎಲ್ಲಿಗೆ ವಾಪಸ್ ಹೋಗ್ತಿದ್ದೀವಿ ಅಂತ ಗೊತ್ತಾಗುತ್ತೆ. ನನಗಿದು ತಿಳಿದದ್ದು 2024ರ ಏಪ್ರಿಲ್‌ನಲ್ಲಿ, ಶ್ರೀಲಂಕಾದ ಉನವಟುನ ಅನ್ನೋ ಬೀಚ್ ಊರಿನಲ್ಲಿ. ತಿಳಿಸಿದ್ದು ನಮ್ಮಮ್ಮ.

ನಮ್ಮ ಮನೆ ಇರೋದು ನಾಯಂಡಹಳ್ಳಿಯಲ್ಲಿ. ಕೆಳಗೆ ಅಪ್ಪ ಅಮ್ಮ, ಮೇಲೆ ನಾನು, ಗಂಡ, ಐದು ವರ್ಷದ ಮಗ. ಅಡುಗೆಮನೆ ಎರಡಿದೆ, ಒಲೆ ಉರಿಯೋದು ಕೆಳಗಿನದು ಮಾತ್ರ. ನಾನು ಬೆಳಗ್ಗೆ ಎಂಟೂಕಾಲಿಗೆ ಮೆಟ್ರೋ ಹತ್ತಿದ್ರೆ ಕೆಳಗೆ ವೃಷಭಾವತಿಯ ನೊರೆ ಒಂದು ಕ್ಷಣ ಕಾಣುತ್ತೆ, ಆಮೇಲೆ ಒಂದು ಗಂಟೆಗೂ ಮೇಲೆ ಪರ್ಪಲ್ ಲೈನ್‌ನಲ್ಲಿ ನಿಂತು ವೈಟ್‌ಫೀಲ್ಡ್ ಕಡೆ ಪ್ರಯಾಣ. 2023ರ ಅಕ್ಟೋಬರ್‌ನಲ್ಲಿ ಆ ಲೈನ್ ಪೂರ್ತಿಯಾದಾಗ ಈ ಕಡೆಯ ನಮ್ಮಂಥವರಿಗೆಲ್ಲ ಹಬ್ಬ. ಮೆಟ್ರೋ ಇರೋದ್ರಿಂದ ಆಫೀಸು ತಲುಪ್ತೀನಿ, ಅಮ್ಮ ಇರೋದ್ರಿಂದ ಮನೆ ಬಿಡ್ತೀನಿ. ನನ್ನ ಕೆಲಸ ನಿಂತಿರೋದು ಈ ಎರಡು ಕಂಬದ ಮೇಲೆ.

ಅಪ್ಪ ಪ್ರವಾಸಕ್ಕೆ ಬರಲಿಲ್ಲ. ಆ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿ, ನೀರಿನ ಟ್ಯಾಂಕರ್‌ನವರು ಫೋನ್ ಎತ್ತಿದ್ರೆ ಪುಣ್ಯ ಅನ್ನೋ ಹಾಗಿದ್ದ ಬೇಸಿಗೆ. ಟ್ಯಾಂಕರ್ ಬಂದಾಗ ಸಂಪ್ ಮುಚ್ಚಳ ತೆಗೆಯೋಕೆ ಮನೇಲಿ ಒಬ್ಬರು ಇರಬೇಕು ಅಂತ ಅಪ್ಪ ಹಟ ಹಿಡಿದು ಉಳಿದುಕೊಂಡ್ರು. ಶ್ರೀಲಂಕಾನೇ ಯಾಕೆ ಅಂದ್ರೆ, ಒಂದೂವರೆ ಗಂಟೆಯ ವಿಮಾನ, ಗಡಿಯಾರ ಬದಲಾಯಿಸೋ ಹಾಗಿಲ್ಲ, ಮೂರು ಹೊತ್ತೂ ಅನ್ನ ಸಿಗುತ್ತೆ, ನಮ್ಮ ಒಂದು ರೂಪಾಯಿಗೆ ಅವರದು ಮೂರೂವರೆ ರೂಪಾಯಿ. ನಾಯಂಡಹಳ್ಳಿಯಿಂದ ದೇವನಹಳ್ಳಿ ಏರ್‌ಪೋರ್ಟ್ ತಲುಪೋಕೆ ಹಿಡಿದಷ್ಟು ಹೊತ್ತು ಅಲ್ಲಿಂದ ಕೊಲಂಬೋಗೆ ಹಿಡಿಯಲಿಲ್ಲ.

ಅಮ್ಮನನ್ನು ಒಪ್ಪಿಸೋದೇ ದೊಡ್ಡ ಕೆಲಸವಾಗಿತ್ತು. "ಸಮುದ್ರ ನೋಡೋಕೆ ಪಾಸ್‌ಪೋರ್ಟ್ ಯಾಕೆ? ಮಲ್ಪೆ ಇಲ್ವಾ?" ಅಂದಿದ್ದಳು. ಆಗ ಕೈ ಹಿಡಿದದ್ದು ಆಂಜನೇಯ. ಉನವಟುನದ ಪಕ್ಕದಲ್ಲಿ ರುಮಸ್ಸಲ ಅಂತ ಒಂದು ಗುಡ್ಡ ಇದೆ. ಹನುಮಂತ ಸಂಜೀವಿನಿ ಪರ್ವತ ಹೊತ್ತು ತರುವಾಗ ಬಿದ್ದ ತುಂಡೇ ಅದು ಅಂತ ಅಲ್ಲಿಯವರು ಹೇಳ್ತಾರೆ. ಊರಿನ ಹೆಸರಿಗೂ 'ಅಗೋ, ಬಿತ್ತು' ಅಂತ ಅರ್ಥ ಹೇಳೋದುಂಟು. ಮೈಸೂರು ರಸ್ತೆಯ ಗಾಳಿ ಆಂಜನೇಯನಿಗೆ ನಲವತ್ತು ವರ್ಷದಿಂದ ಶನಿವಾರ ತಪ್ಪಿಸದೆ ಹೋಗೋ ಹೆಂಗಸಿಗೆ ಇಷ್ಟು ಸಾಕಾಯ್ತು. ಸಮುದ್ರ ನಮಗೆ, ಗುಡ್ಡ ಅವಳಿಗೆ ಅಂತ ಒಪ್ಪಂದವಾಗಿ ಏಪ್ರಿಲ್ 20ರ ಶನಿವಾರ ಹೊರಟೆವು. ವಾಪಸ್ 25ರ ಗುರುವಾರ. 26ಕ್ಕೆ ಬೆಂಗಳೂರಲ್ಲಿ ಲೋಕಸಭೆ ಮತದಾನ, ಅದನ್ನ ತಪ್ಪಿಸೋ ಹಾಗಿಲ್ಲ ಅನ್ನೋದು ಅಪ್ಪನ ಷರತ್ತು.

ನಾವು ಇಳಿದುಕೊಂಡಿದ್ದು ಬೀಚಿನಿಂದ ಎರಡು ತಿರುವು ಒಳಗೆ, ಒಂದು ಮನೆಯ ಮಹಡಿಯಲ್ಲಿ. ಮನೆಯೊಡತಿಗೆ ಸುಮಾರು ಐವತ್ತು. ಸಿಂಹಳದಲ್ಲೂ ಅಕ್ಕನಿಗೆ ಅಕ್ಕ ಅಂತಲೇ ಅಂತಾರೆ, ಅಮ್ಮನಿಗೆ ಅಮ್ಮ. ಹಾಗಾಗಿ ಮೊದಲ ದಿನವೇ ಅವರು ನಮಗೆಲ್ಲ 'ಅಕ್ಕ' ಆದ್ರು. ಅಮ್ಮನಿಗಿಂತ ಹತ್ತು ವರ್ಷ ಚಿಕ್ಕವರಾದ್ರೂ ಅಮ್ಮನಿಗೂ ಅಕ್ಕನೇ. ಉಳಿದ ಪದಗಳಲ್ಲಿ ಮಾತ್ರ ಗೊಂದಲ. ಅಪ್ಪನನ್ನು ಅವರು 'ತಾತ್ತಾ' ಅಂತಾರೆ, 'ಆಪ್ಪ' ಅಂದ್ರೆ ಬಟ್ಟಲಿನ ಹಾಗಿರೋ ತಿಂಡಿ. ಅಕ್ಕನ ಮಗಳು ಅವಳಪ್ಪನನ್ನು ತಾತ್ತಾ ಅಂತ ಕೂಗಿದಾಗ ನನ್ನ ಮಗ ಬಿದ್ದೂ ಬಿದ್ದೂ ನಕ್ಕ. ಬೆಳಗ್ಗೆ ಎರಡು ಆಪ್ಪ ತಿಂದೆ ಅಂತ ಊರಿಗೆ ಫೋನ್ ಮಾಡಿ ಅವನ ತಾತನಿಗೂ ಹೇಳಿದ.

ಎರಡನೇ ದಿನ ಬೆಳಗ್ಗೆ ಅಮ್ಮ ಅಭ್ಯಾಸಬಲದಿಂದ ಐದೂವರೆಗೆ ಎದ್ದು ಕೆಳಗಿಳಿದು ಅಕ್ಕನ ಅಡುಗೆಮನೆಗೆ ಹೋದಳು. ಅಲ್ಲಿ ಅಕ್ಕ ಮಣೆ ಮೇಲೆ ಕೂತು ಕಾಯಿ ತುರೀತಿದ್ರು. ಅದನ್ನ ಅವರು 'ಹಿರಮನೆ' ಅಂತಾರೆ, ನಮ್ಮ ಕರಾವಳಿಯವರು ಹೆರೆಮಣೆ ಅನ್ನೋ ಹಾಗೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ಇಲ್ಲಿ ಕೊಡಿ ಅಂತ ಕೈ ಚಾಚಿದಾಗ ಅಕ್ಕ ಕೊಡಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು, ಅಮ್ಮನ ಭುಜ ಹಿಡಿದು ಕೂರಿಸಿ, ಕೈಗೆ ಟೀ ಲೋಟ ಕೊಟ್ಟರು. ಆಮೇಲೆ ದಿನಾ ಅದೇ ಆಯ್ತು. ನಾವು ಎದ್ದು ಬರೋವಷ್ಟರಲ್ಲಿ ಅಮ್ಮ ಆ ಕುರ್ಚಿಯಲ್ಲಿ ಕೂತು, ಇನ್ನೊಬ್ಬರು ಅಡುಗೆ ಮಾಡೋದನ್ನ ನೋಡ್ತಾ ಟೀ ಕುಡೀತಿರ್ತಿದ್ದಳು. ನನ್ನ ನೆನಪಿನಲ್ಲಿ ಅಮ್ಮ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದು ಅದೇ ಮೊದಲು.

ಮೊದಲ ನಾಲ್ಕು ದಿನದ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಎಲ್ಲರೂ ಮಾಡೋದನ್ನೇ ಮಾಡಿದೆವು. ಮಗ ಮರಳಲ್ಲಿ ಅಣೆಕಟ್ಟು ಕಟ್ಟಿದ. ಗಂಡ ಮೈ ಸುಟ್ಟುಕೊಂಡ. ಅಮ್ಮ ಸೀರೆ ಮೊಣಕಾಲಿಗೆತ್ತಿ ನೀರಿಗಿಳಿದಳು. ರುಮಸ್ಸಲ ಗುಡ್ಡಕ್ಕೆ ಹೋಗಿ, ಜಪಾನಿನವರು ಕಟ್ಟಿದ ಬಿಳಿ ಶಾಂತಿ ಪಗೋಡ ನೋಡಿ, ಅಲ್ಲಿನ ಒಂದು ಗಿಡದ ಎಲೆ ಕಿತ್ತು ಪರ್ಸಿನಲ್ಲಿಟ್ಟುಕೊಂಡಳು. ಸಂಜೀವಿನಿ ಇದ್ರೂ ಇರಬಹುದು ಅಂತ. 21ರ ಭಾನುವಾರ ಈಸ್ಟರ್ ದಾಳಿ ನಡೆದು ಸರಿಯಾಗಿ ಐದು ವರ್ಷ. 2019ರಲ್ಲಿ ಚರ್ಚುಗಳಲ್ಲಿ, ಹೋಟೆಲುಗಳಲ್ಲಿ 260ಕ್ಕೂ ಹೆಚ್ಚು ಜನ ಸತ್ತ ದಿನ. ಆ ಸಂಜೆ ಅಕ್ಕನ ಗಂಡ ಹೇಳಿದ ಲೆಕ್ಕ ಹೀಗಿತ್ತು: 2004ರ ಸುನಾಮಿಯಲ್ಲಿ ಕೆಳಗಿನ ಮನೆ ಹೋಯ್ತು. ಸಾಲ ಮಾಡಿ ಮತ್ತೆ ಕಟ್ಟಿದೆವು. 2019ರಲ್ಲಿ ಬಾಂಬು, 2020ರಲ್ಲಿ ಕೊರೋನಾ, 2022ರಲ್ಲಿ ದೇಶದ ಹತ್ತಿರವೇ ದುಡ್ಡಿಲ್ಲದೆ ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ. ಈ ವರ್ಷವೇ ಎಲ್ಲ ರೂಮೂ ತುಂಬಿದ ಮೊದಲ ಸೀಸನ್. ಅಮ್ಮ ಎಲ್ಲ ಕೇಳಿ, "ಪಾಪ, ಎಷ್ಟು ಸಲ ಮೊದಲಿಂದ ಶುರು ಮಾಡಿದ್ದಾರೆ" ಅಂದಳು.

ಚೆಕ್‌ಇನ್ ಮೆಸೇಜ್ ಬಂದದ್ದು 23ರ ಮಂಗಳವಾರ ಸಂಜೆ. ಅದರ ಹಿಂದೆಯೇ ಇನ್ನೊಂದು ಟಣ್. ಆಫೀಸಿನ ಮೇಲ್. ಜೂನ್ 1ರಿಂದ ವಾರಕ್ಕೆ ಎರಡು ದಿನದ ಬದಲು ನಾಲ್ಕು ದಿನ ಆಫೀಸಿಗೆ ಬರಬೇಕು. ಲೀಡ್ ಜವಾಬ್ದಾರಿಗೆ ನನ್ನ ಹೆಸರಿದೆ, ಒಪ್ಪಿಗೆಯನ್ನು ಸೋಮವಾರದೊಳಗೆ ತಿಳಿಸಬೇಕು. ನಾಲ್ಕು ವರ್ಷದಿಂದ ಕಾಯ್ತಿದ್ದ ಹುದ್ದೆ. ಗಂಡ ಅಲ್ಲೇ ಕೈ ಕುಲುಕಿದ. "ಹೇಗೂ ಅತ್ತೆ ಇದ್ದಾರಲ್ಲ" ಅಂದ. ನಾನೂ ಮನಸ್ಸಿನಲ್ಲೇ ಉತ್ತರ ಬರೆದು ಮುಗಿಸಿದೆ.

ಅವತ್ತು ಪೋಯ, ಅಂದ್ರೆ ಹುಣ್ಣಿಮೆ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಗೂ ಸರ್ಕಾರಿ ರಜೆ, ಹೆಂಡದಂಗಡಿ ಬಂದ್, ಜನ ಬಿಳಿ ಬಟ್ಟೆ ಉಟ್ಟು ವಿಹಾರಕ್ಕೆ ಹೋಗ್ತಾರೆ. ಏಪ್ರಿಲ್‌ನದು ಬಕ್ ಪೋಯ. ರತ್ನದ ಸಿಂಹಾಸನಕ್ಕಾಗಿ ಕಾದಾಡ್ತಿದ್ದ ನಾಗರಾಜರಿಬ್ಬರನ್ನು, ಅದೂ ಮಾವ ಅಳಿಯಂದಿರನ್ನು, ಸಮಾಧಾನ ಮಾಡೋಕೆ ಬುದ್ಧ ಲಂಕೆಗೆ ಎರಡನೇ ಸಲ ಬಂದ ದಿನವಂತೆ. ಅಮ್ಮ ಇದ್ದುದರಲ್ಲೇ ಬಿಳಿ ಅನ್ನಿಸೋ ಸೀರೆ ಉಟ್ಟು ಅಕ್ಕನ ಜೊತೆ ಹೋಗಿ ಎಣ್ಣೆ ದೀಪ ಹಚ್ಚಿ ಬಂದಳು. ರಾತ್ರಿ ಅಂಗಳದಲ್ಲಿ ಎಲ್ಲರೂ ಕೂತಿದ್ದಾಗ ಅಕ್ಕ ಏನೋ ಹೇಳಿದ್ರು. ಕಾಲೇಜಿಗೆ ಹೋಗೋ ಮಗಳು ಇಂಗ್ಲಿಷಿಗೆ ತಿರುಗಿಸಿದಳು, ನಾನು ಕನ್ನಡಕ್ಕೆ ತಿರುಗಿಸಿದೆ. ಈ ಸೀಸನ್‌ಗೆ ನಾವೇ ಕೊನೆಯ ಅತಿಥಿಗಳು. ಮೇ ಬಂತಂದ್ರೆ ಮುಂಗಾರು ಮೊದಲು ಈ ದಂಡೆಗೇ ಹೊಡೆಯೋದು. ಸೆಪ್ಟೆಂಬರ್‌ವರೆಗೆ ಟೂರಿಸ್ಟುಗಳೆಲ್ಲ ಪೂರ್ವದ ಅರುಗಮ್ ಬೇ ಕಡೆ ಹೋಗ್ತಾರೆ. ನಾವು ಹೊರಟ ಮೇಲೆ ಅಕ್ಕ ರೂಮುಗಳಿಗೆ ಬೀಗ ಹಾಕಿ ಮಾತರ ಹತ್ತಿರದ ತಮ್ಮ 'ಮಹಾಗೆದರ'ಕ್ಕೆ ಹೋಗ್ತಾರೆ. ಹದಿನೈದು ದಿನ ಅಲ್ಲಿ ಒಂದು ಕಡ್ಡಿಯನ್ನೂ ಈಚೆಯಿಂದ ಆಚೆಗೆ ಇಡೋದಿಲ್ಲ.

ಮಹಾಗೆದರ ಅಂದ್ರೆ ಏನು ಅಂತ ನಾನು ಕೇಳಿದೆ. ದೊಡ್ಡ ಮನೆ, ಹುಟ್ಟಿ ಬೆಳೆದ ಮನೆ ಅಂದಳು ಹುಡುಗಿ. ನಾನು ಅನುವಾದ ಮಾಡೋ ಮುಂಚೆಯೇ ಅಮ್ಮನಿಗೆ ಅರ್ಥವಾಗಿತ್ತು. "ತವರು" ಅಂದಳು.

ಕನ್ನಡದ ಹೆಂಗಸರಿಗೆ ರಜೆ ಅನ್ನೋ ಪದ ಬರೋ ಮುಂಚೆ ಇದ್ದದ್ದು ಈ ಪದ. ಅಮ್ಮನ ತವರು ಮದ್ದೂರಿನ ಹತ್ತಿರ. ನಾಯಂಡಹಳ್ಳಿಗೆ ಸೊಸೆಯಾಗಿ ಬಂದದ್ದು 1985ರಲ್ಲಿ. ಆಗ ಇದು ಊರ ಹೊರಗಿನ ಹಳ್ಳಿ. ಮನೆಯಿಂದ ಎದ್ದು ಮೈಸೂರು ರಸ್ತೆಗೆ ಬಂದ್ರೆ ತವರಿನ ಕಡೆ ಹೋಗೋ ಬಸ್ಸುಗಳೆಲ್ಲ ಕಣ್ಣ ಮುಂದೆಯೇ ಹೋಗ್ತಿದ್ದವಂತೆ. ಹೊಸದರಲ್ಲಿ ಅದೇ ಹಿಂಸೆ ಆಗ್ತಿತ್ತು ಅಂತಿದ್ದಳು. ಬೇಸಿಗೆಯಲ್ಲಿ ಹದಿನೈದು ದಿನ ಅವಳೂ ಆ ಬಸ್ಸು ಹತ್ತುತ್ತಿದ್ದಳು, ಸೊಂಟದಲ್ಲಿ ನಾನು.

ಆ ಹದಿನೈದರಲ್ಲಿ ಕೊನೆಯ ಎರಡು ದಿನ ನನಗೂ ಚೆನ್ನಾಗಿ ನೆನಪಿದೆ. ಅಜ್ಜಿಯ ಓಡಾಟ ಆಗಲೇ ಜೋರು. ಒಂದು ಕಡೆ ಸಾರಿನಪುಡಿಗೆ ಮೆಣಸಿನಕಾಯಿ ಹುರಿದು ಮನೆಯೆಲ್ಲ ಘಾಟು. ಇನ್ನೊಂದು ಕಡೆ ಚಕ್ಕುಲಿ. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟೋದು. ಅಮ್ಮ ಸಹಾಯಕ್ಕೆ ಹೋದ್ರೆ, "ಅಲ್ಲಿ ಮಾಡೋದು ಇದ್ದೇ ಇದೆ, ಎದ್ದು ಹೋಗು" ಅಂತ ಗದರಿಕೆ. ಹೊರಡೋ ದಿನ ಬಾಗಿಲ ಹತ್ತಿರ ಮಣೆ ಹಾಕಿ ಕೂರಿಸಿ, ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಕುಪ್ಪಸದ ಕಣ, ಬಳೆ, ಎಲ್ಲ ಸೇರಿಸಿ ಮಡಿಲು ತುಂಬೋದು. ಇಬ್ಬರೂ ಅಳೋದು. ರಜೆ ಮುಗಿಸಿ ಕಳಿಸೋದಕ್ಕೂ ಒಂದು ಕ್ರಮ ಇತ್ತು. ಹನ್ನೊಂದು ಗಂಟೆಗೆ ಚೆಕ್‌ಔಟ್, ಟವೆಲ್ ಎಣಿಸಿ ಕೊಡಿ ಅನ್ನೋ ಹಾಗಿರಲಿಲ್ಲ. ವಾಪಸ್ ಹೋಗೋದು ಕಷ್ಟ ಅಂತ ಎಲ್ಲರಿಗೂ ಗೊತ್ತಿತ್ತು. ಅದನ್ನ ಯಾರೂ ಬಾಯಿಬಿಟ್ಟು ಹೇಳದೆ ಸಾರಿನಪುಡಿ ಡಬ್ಬದಲ್ಲಿ ಒತ್ತಿ ಒತ್ತಿ ತುಂಬಿ ಕಳಿಸ್ತಿದ್ರು.

ಅಜ್ಜಿ ಹೋದ ಮೇಲೆ ಮನೆ ಪಾಲಾಯ್ತು. 2009ರಲ್ಲಿ ಮಾರಾಟವೂ ಆಯ್ತು. ಈಗ ಎಕ್ಸ್‌ಪ್ರೆಸ್‌ವೇನಲ್ಲಿ ಮೈಸೂರಿಗೆ ಹೋಗುವಾಗ ಮದ್ದೂರು ಬೈಪಾಸ್‌ನಲ್ಲೇ ಕಳೆದುಹೋಗುತ್ತೆ. ಹದಿನೈದು ವರ್ಷದಿಂದ ಅಮ್ಮನಿಗೆ ಹೋಗೋಕೆ ಒಂದು ಮನೆ ಇರಲಿಲ್ಲ. ಮದುವೆ, ಮುಂಜಿ, ನಾಮಕರಣಕ್ಕೆ ಹೋಗ್ತಾಳೆ. ಧರ್ಮಸ್ಥಳ, ತಿರುಪತಿಗೆ ಹೋಗ್ತಾಳೆ. ಅವೆಲ್ಲ ಹೋಗಿ ಬರೋ ಜಾಗಗಳು.

ಮಾರನೇ ದಿನ, ಬುಧವಾರ, ಗಾಲ್ ಕೋಟೆಗೆ ಹೋದೆವು. ಉನವಟುನದಿಂದ ಆಟೋದಲ್ಲಿ ಹತ್ತು ಹದಿನೈದು ನಿಮಿಷ. ಆಟೋ ಮಾತ್ರ ನಮ್ಮದೇ ಬಜಾಜ್. ಪೋರ್ಚುಗೀಸರು 1588ರಲ್ಲಿ ಶುರು ಮಾಡಿ, ಡಚ್ಚರು ಹದಿನೇಳನೇ ಶತಮಾನದಲ್ಲಿ ಕಲ್ಲಿನ ಗೋಡೆ ಎಬ್ಬಿಸಿದ ಕೋಟೆ ಅದು. ಸುನಾಮಿ ಬಂದಾಗ ಹೊರಗಿನ ಪೇಟೆ, ಬಸ್ ಸ್ಟ್ಯಾಂಡ್, ಕ್ರಿಕೆಟ್ ಮೈದಾನ ಎಲ್ಲ ಮುಳುಗಿದ್ರೂ ಗೋಡೆಯೊಳಗಿನ ಊರನ್ನು ಅದು ಕಾಪಾಡಿತು. ಗಂಡನಿಗೆ ಇದೆಲ್ಲ ಬೇಕಿರಲಿಲ್ಲ. ಗೋಡೆ ಮೇಲೆ ನಿಂತರೆ ಕಾಣೋ ಆ ಮೈದಾನವೇ ಅವನಿಗೆ ತೀರ್ಥಕ್ಷೇತ್ರ. 2010ರಲ್ಲಿ ಮುರಳೀಧರನ್ ತನ್ನ ಕೊನೆಯ ಟೆಸ್ಟಿನಲ್ಲಿ, ಪ್ರಗ್ಯಾನ್ ಓಜಾನನ್ನು ಔಟ್ ಮಾಡಿ 800ನೇ ವಿಕೆಟ್ ತಗೊಂಡದ್ದು ಅಲ್ಲೇ. ಮಗನಿಗೆ ಅದನ್ನ ಆಕ್ಷನ್ ಸಮೇತ ತೋರಿಸ್ತಿದ್ದ.

ಅಮ್ಮ, ನಾನು ಲೈಟ್‌ಹೌಸ್ ದಾಟಿ ಗೋಡೆ ಮೇಲೆ ಕೂತೆವು. ಸಮುದ್ರದ ಬಣ್ಣ ಬದಲಾಗಿತ್ತು. ಮೊದಲ ದಿನ ನೋಡಿದ ಹಸಿರು ಹೋಗಿ ಬೂದಿ ಬಣ್ಣ, ಅಲೆಗೆ ಜೋರು ಬಂದಿತ್ತು. ಅಮ್ಮನ ಫೋನ್ ಬಡ್ಕೊಂಡಿತು. ಅಪ್ಪ. ಟ್ಯಾಂಕರ್ ಬಂತು, ಸಂಪ್ ಅರ್ಧ ತುಂಬ್ತು. ಅಂದಹಾಗೆ ಫ್ರಿಜ್‌ನಲ್ಲಿ ಸ್ಟೀಲ್ ಡಬ್ಬದಲ್ಲಿರೋದು ದೋಸೆ ಹಿಟ್ಟಾ, ಇಡ್ಲಿ ಹಿಟ್ಟಾ? ಅಮ್ಮ ಉತ್ತರ ಕೊಟ್ಟು ಫೋನ್ ಇಟ್ಟಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಐದು ದಿನ ಆಯ್ತು ಕಣೆ," ಅಂದಳು. "ಬೆಳಗ್ಗೆ ಎದ್ರೆ ಇವತ್ತೇನು ತಿಂಡಿ ಅಂತ ಯಾರೂ ನನ್ನ ಕೇಳ್ಲಿಲ್ಲ."

"ಅದಕ್ಕೆ ಬೇಜಾರಾ?" ಅಂದೆ, ತಮಾಷೆಗೆ.

"ಇನ್ನೆರಡು ದಿನ ಇದ್ದಿದ್ರೆ ಚೆನ್ನಾಗಿತ್ತು." ಆಮೇಲೆ ಸಮುದ್ರ ನೋಡಿಕೊಂಡೇ ಹೇಳಿದಳು. "ನಂಗೆ ಮನೆಗೆ ಹೋಗೋಕೆ ಮನಸ್ಸಿಲ್ಲ."

ರಜೆಯ ಕೊನೆಯಲ್ಲಿ ಎಲ್ಲರೂ ಹೇಳೋ ಮಾತೇ ಇದು. ನಾನು ಆಫೀಸಿನಲ್ಲಿ ನೂರು ಸಲ ಕೇಳಿದ್ದೀನಿ, ಹೇಳಿದ್ದೀನಿ. ಆದ್ರೆ ನಮಗೆ ಮನಸ್ಸಿಲ್ಲದಿರೋದು ಸೋಮವಾರಕ್ಕೆ. ಮನೆ ಅಂದ್ರೆ ನಮಗೆ ಆ ಸೋಮವಾರದಿಂದ ತಪ್ಪಿಸಿಕೊಂಡು ಬಂದು ಬೀಳೋ ಜಾಗ. ಅಮ್ಮ ಹೇಳಿದ್ದು ಆ ಜಾಗದ ಬಗ್ಗೆ. ಅವಳ ಕೆಲಸ ಇರೋದೇ ಅಲ್ಲಿ. ಅದಕ್ಕೆ ಸೋಮವಾರ ಇಲ್ಲ, ಯಾಕಂದ್ರೆ ಭಾನುವಾರವೂ ಇಲ್ಲ. ಐದೂವರೆಗೆ ಎದ್ದು, ನೀರು ಬರೋ ದಿನ ನೀರು ಹಿಡಿದು, ಮಗುವಿನ ಡಬ್ಬಿ, ನನ್ನ ಡಬ್ಬಿ, ಅಪ್ಪನ ಮಾತ್ರೆ, ಸ್ಕೂಲ್ ವ್ಯಾನು, ಮಧ್ಯಾಹ್ನ ಮತ್ತೆ ವ್ಯಾನು, ಸಂಜೆ ಹೋಂವರ್ಕು, ರಾತ್ರಿ ಹಿಟ್ಟು ರುಬ್ಬೋದು. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಮಾಡೋ ಗಂಡಸರು 97 ನಿಮಿಷ. 299 ಅಂದ್ರೆ ಐದು ಗಂಟೆ. ಅಮ್ಮನಿಗೆ ಅದು ಮಧ್ಯಾಹ್ನದೊಳಗೇ ಮುಗಿದಿರುತ್ತೆ. ನನಗೆ ವರ್ಷಕ್ಕೆ 24 ರಜೆ. ಅದರಲ್ಲಿ ಉಳಿದದ್ದು ಮುಂದಿನ ವರ್ಷಕ್ಕೂ ಹೋಗುತ್ತೆ.

"ಏನು ಮಾಡೋಣ ಅಮ್ಮ?" ಅಂತ ಕೇಳಿದೆ.

"ಏನೂ ಮಾಡೋದು ಬೇಡ. ಮನಸ್ಸಿಗೆ ಬಂತು, ಹೇಳ್ದೆ."

ರಾತ್ರಿ ಆ ಮೇಲ್ ಮತ್ತೆ ತೆಗೆದೆ. 'ಹೇಗೂ ಅತ್ತೆ ಇದ್ದಾರಲ್ಲ' ಅನ್ನೋ ಸಾಲು ಆ ಮೇಲ್‌ನಲ್ಲಿ ಎಲ್ಲೂ ಇರಲಿಲ್ಲ, ಆದ್ರೆ ಇಡೀ ಮೇಲ್ ನಿಂತಿದ್ದು ಅದರ ಮೇಲೆ. ನನ್ನ ಟೀಮಿನಲ್ಲಿ ಮಕ್ಕಳಿರೋ ಹೆಂಗಸರು ಆರು ಜನ. ಆರೂ ಜನರ ಮನೆಯಲ್ಲಿ ಒಬ್ಬ ಅಮ್ಮನೋ ಅತ್ತೆಯೋ ಇದ್ದಾರೆ. ಹೈದರಾಬಾದಿನಿಂದ, ಹಾಸನದಿಂದ, ಬಿಲಾಸ್‌ಪುರದಿಂದ ಆರಾರು ತಿಂಗಳ ಪಾಳಿಯಲ್ಲಿ ಬಂದು ಅಪಾರ್ಟ್‌ಮೆಂಟಿನ ಹದಿನಾಲ್ಕನೇ ಮಹಡಿಯಲ್ಲಿ ಮೊಮ್ಮಕ್ಕಳಿಗೆ ಊಟ ಮಾಡಿಸೋರು. 2017ರ ತಿದ್ದುಪಡಿ ಆದ ಮೇಲೆ 50 ಜನಕ್ಕೆ ಮೇಲ್ಪಟ್ಟ ಆಫೀಸುಗಳಿಗೆ ಕ್ರೆಶ್ ವ್ಯವಸ್ಥೆ ಕಡ್ಡಾಯ. ನಮ್ಮ ಆಫೀಸಿಗೂ ಇದೆ. ಆದ್ರೆ ಅದು ವೈಟ್‌ಫೀಲ್ಡ್‌ನಲ್ಲಿ, ಮಗನ ಸ್ಕೂಲು ನಾಯಂಡಹಳ್ಳಿಯಲ್ಲಿ. ಎಂಟೂಕಾಲಿನ ಮೆಟ್ರೋದ ನೂಕುನುಗ್ಗಲನ್ನ ನೋಡಿದವರು ಯಾರೂ ಐದು ವರ್ಷದ ಮಗುವನ್ನ ಅದರೊಳಗೆ ದಿನಾ ಎರಡು ಸಲ ಹತ್ತಿಸಿ ಅನ್ನೋಲ್ಲ.

ಗುರುವಾರ ಬೆಳಗ್ಗೆ ಬ್ಯಾಗು ಕೆಳಗಿಳಿಸುವಾಗ ಅಕ್ಕ ಅಡುಗೆಮನೆಯಿಂದ ಒಂದು ಗಂಟು ತಂದ್ರು. ದಾಲ್ಚಿನ್ನಿ ಸುರುಳಿಗಳ ಕಟ್ಟು, ತಮ್ಮ ಕೈಯಾರೆ ಪುಡಿ ಮಾಡಿದ ಪಲ್ಯದ ಮಸಾಲೆ, ಒಂದು ಬಾಟಲಿ ಕಿತುಲ್ ಪಾನಿ. ಕಿತುಲ್ ಅಂದ್ರೆ ನಮ್ಮ ಮಲೆನಾಡಿನ ಬೈನೆ ಮರ. ಅದರ ಬೆಲ್ಲದ ಪಾಕವನ್ನ ಎಮ್ಮೆ ಮೊಸರಿನ ಮೇಲೆ ಹುಯ್ದು ತಿನ್ನೋದನ್ನ ಅಮ್ಮ ಎರಡೇ ದಿನದಲ್ಲಿ ಅಭ್ಯಾಸ ಮಾಡಿಕೊಂಡಿದ್ದಳು. ಅಮ್ಮ ಕೈ ಚಾಚಲಿಲ್ಲ, ಸೆರಗು ಚಾಚಿದಳು. ಅಕ್ಕನಿಗೆ ಅದು ಏನಂತ ಗೊತ್ತಿರಲಿಕ್ಕಿಲ್ಲ, ಆದ್ರೂ ಸೆರಗಿಗೇ ಹಾಕಿದ್ರು. ಅಮ್ಮ ಬ್ಯಾಗಿನಿಂದ, ದಾರಿಗೆ ಅಂತ ತಂದು ಉಳಿಸಿಕೊಂಡಿದ್ದ ಮದ್ದೂರು ವಡೆಯ ಪ್ಯಾಕೆಟ್, ಅರಿಶಿನ ಕುಂಕುಮ, ಒಂದು ಕುಪ್ಪಸದ ಕಣ ತೆಗೆದು ಅವರ ಕೈಗಿಟ್ಟಳು. ಕುಪ್ಪಸದ ಕಣ ಯಾಕೆ ತಂದಿದ್ದೆ ಅಂತ ಆಮೇಲೆ ಕೇಳಿದ್ರೆ, "ಬೇರೆಯವರ ಮನೆಗೆ ಹೋಗುವಾಗ ಬರಿಗೈಲಿ ಹೋಗ್ತಾರಾ?" ಅಂದಳು. ಆನ್‌ಲೈನ್‌ನಲ್ಲಿ ಬುಕ್ ಮಾಡಿದ ರೂಮು ಅವಳ ಪಾಲಿಗೆ ಮೊದಲಿಂದಲೂ ಯಾರದೋ ಮನೆಯೇ ಆಗಿತ್ತು.

ವಿಮಾನ ನಿಲ್ದಾಣಕ್ಕೆ ವ್ಯಾನಿನಲ್ಲಿ ಎರಡೂವರೆ ಮೂರು ಗಂಟೆ ದಾರಿ. ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ, ಗಂಡ ಮಗ ಇಬ್ಬರೂ ನಿದ್ದೆ ಹೋದ ಮೇಲೆ, ಅಮ್ಮ ಶುರು ಮಾಡಿದಳು. ರಾತ್ರಿಯೆಲ್ಲ ಯೋಚಿಸಿಟ್ಟುಕೊಂಡಿದ್ದಳು ಅಂತ ಕಾಣುತ್ತೆ.

"ಪುಟ್ಟನ್ನ ನೋಡ್ಕೊಳೋದು ನಂಗೆ ಭಾರ ಅಲ್ಲ. ಅದನ್ನ ಇದಕ್ಕೆ ಸೇರಿಸಬೇಡ. ಭಾನುವಾರ ನಾನು ಒಲೆ ಹಚ್ಚಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ ನನ್ನದು, ಆಗ ನನ್ನ ಎಬ್ಬಿಸಬಾರದು. ಬೇಸಿಗೇಲಿ ಹದಿನೈದು ದಿನ ಮೈಸೂರಿಗೆ ನನ್ನ ತಂಗಿ ಮನೆಗೆ ಹೋಗ್ತೀನಿ. ಪುಟ್ಟನ್ನ ಕರ್ಕೊಂಡು ಹೋಗಲ್ಲ."

"ಅಪ್ಪನ್ನ?"

"ಅವರನ್ನೂ ಇಲ್ಲ."

ಮೂರೇ ಬೇಡಿಕೆ. ಯಾವ ಮ್ಯಾನೇಜರ್‌ಗಾದ್ರೂ ಐದು ನಿಮಿಷದ ವಿಷಯ. ಆದ್ರೆ ಮಗನ ಸ್ಕೂಲ್ ವ್ಯಾನು ಬರೋದೇ ಎರಡೂಕಾಲಿಗೆ. ಎರಡರಿಂದ ನಾಲ್ಕು ಅಮ್ಮನದು ಅಂದ್ರೆ ಆ ಹೊತ್ತಿಗೆ ಬೇರೆ ಯಾರಾದ್ರೂ ಇರಲೇಬೇಕು. ಮನೇಲಿ ಕೂತು ಕೆಲಸ ಮಾಡೋ ದಿನ ನಾನಿರಬಹುದು, ಉಳಿದ ದಿನಕ್ಕೆ ಡೇಕೇರ್ ಬೇಕು. ನಾಲ್ಕು ದಿನ ಆಫೀಸು ಅನ್ನೋ ಲೆಕ್ಕ ಆ ವ್ಯಾನಿನಲ್ಲೇ ಉಲ್ಟಾ ಹೊಡೀತು.

ಶುಕ್ರವಾರ ಬೆಳಗ್ಗೆ ನಾಲ್ವರೂ ಹೋಗಿ ವೋಟು ಹಾಕಿ ಬಂದೆವು. ಮಗನೂ ಬೆರಳಿಗೆ ಸ್ಕೆಚ್ ಪೆನ್ನಿನ ಗೆರೆ ಹಾಕಿಸಿಕೊಂಡಿದ್ದ. ಮಧ್ಯಾಹ್ನ ಗಂಡ ನಮ್ಮ ರಸ್ತೆ ತುದಿಯ ಡೇಕೇರ್‌ಗೆ ಹೋಗಿ ವಿಚಾರಿಸಿಕೊಂಡು ಬಂದ. ತಿಂಗಳಿಗೆ ಅವರು ಕೇಳಿದ ದುಡ್ಡು ಕೇಳಿ ಅಪ್ಪ ಬೆಚ್ಚಿಬಿದ್ದರು. "ಅಷ್ಟಾ? ಎರಡು ಗಂಟೆಗಾ?" ಅಂದ್ರು. ಅಮ್ಮ ಏನೂ ಹೇಳಲಿಲ್ಲ, ಆದ್ರೆ ಆ ಅಂಕಿಯನ್ನ ಅವಳು ಕೇಳಿಸಿಕೊಂಡದ್ದನ್ನ ನಾನು ನೋಡಿದೆ. ಅವಳ ಕೆಲಸಕ್ಕೆ ಯಾರಾದ್ರೂ ಬೆಲೆ ಹೇಳಿದ್ದು ಅದೇ ಮೊದಲಿರಬೇಕು.

ಸೋಮವಾರ ನಾನು ಬರೆದ ಮೇಲ್ ಚಿಕ್ಕದು. ಮೂರು ದಿನ ಆಫೀಸಿಗೆ ಬರ್ತೀನಿ, ನಾಲ್ಕು ಆಗೋದಿಲ್ಲ. ಮನೆಯಲ್ಲಿ ಮಗು ನೋಡ್ಕೊಳ್ಳೋ ವ್ಯವಸ್ಥೆ ಬದಲಾಗಿದೆ. ಕಾರಣದ ಜಾಗದಲ್ಲಿ ಇಷ್ಟನ್ನೇ ಬರೆದೆ. ಮೂರು ದಿನ ಸಿಕ್ಕಿತು, ಲೀಡ್ ಹುದ್ದೆ ಸಿಗಲಿಲ್ಲ. ಅದು ಮಕ್ಕಳಿಲ್ಲದ ಒಬ್ಬ ಸಹೋದ್ಯೋಗಿಗೆ ಹೋಯ್ತು, ಅವರು ಅದನ್ನ ಚೆನ್ನಾಗಿಯೇ ನಿಭಾಯಿಸ್ತಿದ್ದಾರೆ. ಮೂರು ತಿಂಗಳಿಗೊಮ್ಮೆ ನನ್ನ ಮೂರು ದಿನದ 'ರಿವ್ಯೂ' ಆಗುತ್ತೆ. ಪ್ರತಿ ಸಲವೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತೆ. ಅದು ನನಗೆ ಬೇಕಿದ್ದ ಹುದ್ದೆ, ಈಗಲೂ ಬೇಕು. ಮಗ ಇನ್ನೊಂದಿಷ್ಟು ದೊಡ್ಡವನಾದ ಮೇಲೆ ಮತ್ತೆ ಕೇಳ್ತೀನಿ.

ಮುಂದಿನ ಬೇಸಿಗೆಯಲ್ಲಿ ಅಮ್ಮ ಹೇಳಿದ ಮಾತಿನಂತೆ ಮೈಸೂರಿಗೆ ಹೋದಳು. ಹದಿನೈದಲ್ಲ, ಹದಿನೇಳು ದಿನ. ನಡುವೆ ಫೋನ್ ಮಾಡಿದ್ರೆ ಹಿಂದೆ ಚಿಕ್ಕಮ್ಮನ ನಗು ಕೇಳ್ತಿತ್ತು. ಬಂದಾಗ ಕೈಯಲ್ಲಿ ಸಾರಿನಪುಡಿ ಡಬ್ಬ.

ಭಾನುವಾರದ್ದು ಮಾತ್ರ ಅಷ್ಟು ಸುಲಭಕ್ಕೆ ಜಾರಿಗೆ ಬರಲಿಲ್ಲ. ಮೊದಲ ಎರಡು ವಾರ ದರ್ಶಿನಿಯಿಂದ ಪಾರ್ಸೆಲ್ ಬಂತು. ಮೂರನೇ ವಾರ ಅಪ್ಪನಿಗೆ ಏನನ್ನಿಸಿತೋ, ತಾವೇ ಉಪ್ಪಿಟ್ಟು ಮಾಡ್ತೀನಿ ಅಂತ ಅಡುಗೆಮನೆಗೆ ಇಳಿದ್ರು. ಅಮ್ಮ ಹೊರಗೆ ಜಗಲಿ ಮೇಲೆ ಪೇಪರ್ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಒಂದು ಬಟ್ಟಲು ಮೊಸರು, ಮೇಲೆ ಆ ಬಾಟಲಿಯಲ್ಲಿ ಉಳಿದಿದ್ದ ಕಿತುಲ್ ಪಾಕ. ಒಳಗೆ ಡಬ್ಬಗಳ ಸದ್ದು ಒಂದೈದು ನಿಮಿಷ ಆಯ್ತು. ಆಮೇಲೆ ಅಪ್ಪನ ದನಿ.

"ಲೇ, ಸಾಸಿವೆ ಎಲ್ಲಿದೆ?"

ಅಮ್ಮ ಪೇಪರ್ ತಿರುವಿದಳು. "ಅಲ್ಲೇ ಇರುತ್ತೆ, ಹುಡುಕಿ."